ರಸ್ತೆಯ ಈಚೆ ಅಂಗಡಿ ಸರಕು, ಆಚೆ ಅಪರಾಧ: ಕ್ರಾಟಮ್ ಕಾನೂನು ನೋಡುವುದು ಹೇಗೆ?

ಅಮೆರಿಕದಲ್ಲಿ ಟೆಕ್ಸಾರ್ಕಾನಾ ಎಂಬ ಊರಿದೆ. ಹೆಸರೇ ಹೇಳುವಂತೆ ಅರ್ಧ ಟೆಕ್ಸಾಸ್, ಅರ್ಧ ಅರ್ಕಾನ್ಸಾ. ನಡುವೆ ಹಾಯುವ ಸ್ಟೇಟ್ ಲೈನ್ ಅವೆನ್ಯೂವೇ ಗಡಿ. ಟೆಕ್ಸಾಸ್ 2023ರಲ್ಲಿ ಮಾಡಿದ ಕಾನೂನಿನಂತೆ 18 ತುಂಬಿದವರು ಕ್ರಾಟಮ್ ಪುಡಿ ಕೊಳ್ಳಬಹುದು. ಆ ಪೊಟ್ಟಣವನ್ನು ಜೇಬಿಗಿಳಿಸಿ ರಸ್ತೆ ದಾಟಿದರೆ ಅರ್ಕಾನ್ಸಾದಲ್ಲಿ ಅದು 2016ರಿಂದ ಹೆರಾಯಿನ್ ಇರುವ ಪಟ್ಟಿಯಲ್ಲೇ, ಅಂದರೆ ಮೊದಲ ಶೆಡ್ಯೂಲಿನಲ್ಲಿ, ಇರುವ ವಸ್ತು.

ಕ್ರಾಟಮ್ ಆಗ್ನೇಯ ಏಷ್ಯಾದ ಮರ. ಕುಲ ನೋಡಿದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಗೆ ದಾಯಾದಿ. ಎಲೆ ಸ್ವಲ್ಪ ತಿಂದರೆ ಚುರುಕು, ಹೆಚ್ಚು ತಿಂದರೆ ಅಫೀಮಿನಂಥ ಮಂಪರು. ಥಾಯ್ಲೆಂಡ್ 1943ರಲ್ಲಿ ನಿಷೇಧಿಸಿ 2021ರಲ್ಲಿ ಬಿಟ್ಟುಕೊಟ್ಟಿತು. ಅಮೆರಿಕದಲ್ಲಿ ಮಾತ್ರ ರಾಜ್ಯಕ್ಕೊಂದು ನ್ಯಾಯ. ಅಲ್ಲಿ ಓದುವ, ದುಡಿಯುವ, ಮಕ್ಕಳ ಮನೆಗೆ ಹೋಗಿಬರುವ ಕನ್ನಡಿಗರಿಗೆ ಪೆಟ್ರೋಲ್ ಬಂಕಿನ ಕೌಂಟರಿನಲ್ಲೇ ಇದು ಕಣ್ಣಿಗೆ ಬೀಳುತ್ತದೆ. ಕಾನೂನು ತಿಳಿಯಲು ಅಂತರ್ಜಾಲದ ಬಣ್ಣಬಣ್ಣದ ನಕ್ಷೆಗಳನ್ನು ನಂಬಬೇಡಿ, ಅವು ಹಳಸುವುದು ಬೇಗ. ಹೀಗೆ ಮಾಡಿ.

ಮೊದಲು ಕೇಂದ್ರದ ನಿಲುವು. 2016ರ ಆಗಸ್ಟ್‌ನಲ್ಲಿ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎ ಇದನ್ನು ಮೊದಲ ಶೆಡ್ಯೂಲಿಗೆ ಸೇರಿಸುತ್ತೇವೆ ಎಂದಿತು. ಜನ ಬೊಬ್ಬೆ ಹಾಕಿದರು, ಅಕ್ಟೋಬರ್‌ನಲ್ಲಿ ಹಿಂದೆ ಸರಿಯಿತು. ಹಾಗಾಗಿ ಎಲೆ ಕೇಂದ್ರದ ನಿಷಿದ್ಧ ಪಟ್ಟಿಯಲ್ಲಿಲ್ಲ. ಹಾಗೆಂದು ಒಪ್ಪಿಗೆಯೂ ಸಿಕ್ಕಿಲ್ಲ: ಔಷಧವಾಗಿಯಾಗಲಿ, ಪೂರಕ ಆಹಾರವಾಗಿಯಾಗಲಿ ಇದನ್ನು ಮಾರುವುದು ಕಾನೂನುಬದ್ಧವಲ್ಲ ಎಂಬುದು ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಲುವು. ಈ ಎಡಬಿಡಂಗಿತನದಲ್ಲೇ ರಾಜ್ಯಗಳು ತಮ್ಮ ತಮ್ಮ ದಾರಿ ಹಿಡಿದಿವೆ.

ಮರದ ಹೆಸರು ಬಿಟ್ಟು ರಸಾಯನದ ಹೆಸರು ಹುಡುಕಿ. ಹೆಚ್ಚಿನವರು ಎಡವುವುದು ಇಲ್ಲೇ. ರಾಜ್ಯದ ಸಂಹಿತೆಯಲ್ಲಿ 'ಕ್ರಾಟಮ್' ಎಂದು ಹುಡುಕಿ, ಏನೂ ಸಿಗದೆ, ಸದ್ಯ ತೊಂದರೆಯಿಲ್ಲ ಎಂದುಕೊಳ್ಳುತ್ತಾರೆ. ವಿಸ್ಕಾನ್ಸಿನ್‌ನ ಶೆಡ್ಯೂಲಿನಲ್ಲಿ ಇರುವುದು ಎಲೆಯೊಳಗಿನ ಮಿಟ್ರಾಗೈನಿನ್ ಮತ್ತು 7-ಹೈಡ್ರಾಕ್ಸಿಮಿಟ್ರಾಗೈನಿನ್ ಎಂಬ ಎರಡು ಸಸ್ಯಕ್ಷಾರಗಳು, ಅಂದರೆ ಆಲ್ಕಲಾಯ್ಡ್‌ಗಳು. ಇಂಡಿಯಾನಾದ್ದು ಇನ್ನೂ ತಮಾಷೆ. ಅದೇ ಎರಡನ್ನು 'ಕೃತಕ ಮಾದಕ' ಎಂಬ ವ್ಯಾಖ್ಯೆಯೊಳಗೆ ತುರುಕಿದ್ದಾರೆ. ಮರದಲ್ಲಿ ಬೆಳೆದ ಎಲೆ ಯಾವಾಗ ಕೃತಕವಾಯಿತೋ ಶಾಸಕರೇ ಹೇಳಬೇಕು. ಅಂತೂ ಹುಡುಕುವ ಪದಗಳು ಮೂರು: ಕ್ರಾಟಮ್ ಮತ್ತು ಈ ಎರಡು ಕ್ಷಾರಗಳು.

ಆರೋಗ್ಯ ಇಲಾಖೆಯ ನಿಯಮಗಳನ್ನೂ ತೆರೆಯಿರಿ. ಅಲಬಾಮಾದಲ್ಲಿ 2016ರ ನಿಷೇಧ ಶಾಸನಸಭೆಯಿಂದಲೇ ಬಂತು. ಅದೇ ವರ್ಷ ವರ್ಮಾಂಟ್ ಮತ್ತು ಅರ್ಕಾನ್ಸಾದಲ್ಲಿ ಕೆಲಸ ಮುಗಿಸಿದ್ದು ಆರೋಗ್ಯ ಇಲಾಖೆಯ ನಿಯಮ. ಬರೀ ಕಾಯ್ದೆ ಓದಿದವರಿಗೆ ಅದು ಕಾಣುವುದೇ ಇಲ್ಲ.

ಅನುಮತಿ ಇದ್ದರೆ ಷರತ್ತು ಓದಿ. 2019ರಲ್ಲಿ ಯೂಟಾ 'ಕ್ರಾಟಮ್ ಗ್ರಾಹಕ ರಕ್ಷಣಾ ಕಾಯ್ದೆ' ತಂದಿತು. ಜಾರ್ಜಿಯಾ, ಅರಿಜೋನಾ, ನೆವಾಡಾ ಅದೇ ವರ್ಷ ಹಿಂಬಾಲಿಸಿದವು. ಇಂಥ ಕಾಯ್ದೆಗಳಲ್ಲಿ ಸಾಮಾನ್ಯವಾಗಿ ವಯಸ್ಸಿನ ಮಿತಿ, ಲೇಬಲ್, ಕಲಬೆರಕೆಗೆ ತಡೆ ಇರುತ್ತವೆ. ವಯಸ್ಸು ಎಲ್ಲೆಡೆ ಒಂದೇ ಅಲ್ಲ. ಫ್ಲೋರಿಡಾದಲ್ಲಿ 2023ರ ಜುಲೈಯಿಂದ 21. ಜಾರ್ಜಿಯಾ ಕೂಡ 2025ರ ಜನವರಿಯಿಂದ 21ಕ್ಕೆ ಏರಿಸಿತು. ಹಲವು ಕಾಯ್ದೆಗಳಲ್ಲಿ ಇನ್ನೊಂದು ಅಂಕಿ ಕಾಣುತ್ತದೆ: ಒಟ್ಟು ಕ್ಷಾರಗಳಲ್ಲಿ 7-ಹೈಡ್ರಾಕ್ಸಿಯ ಪಾಲು ಶೇ 2 ಮೀರಬಾರದು. ಎಲೆಯಲ್ಲಿ ಅದು ಇರುವುದೇ ಅತ್ಯಲ್ಪ. ಆದರೆ 'ಸೆವೆನ್ ಓಹೆಚ್' ಹೆಸರಿನಲ್ಲಿ ಅದನ್ನೇ ಗಟ್ಟಿ ಮಾಡಿ ಮಾರುವ ಮಾತ್ರೆಗಳ ಕಥೆ ಬೇರೆ. ಅದನ್ನು ನಿಯಂತ್ರಿತ ಪಟ್ಟಿಗೆ ಸೇರಿಸಿ ಎಂದು 2025ರ ಜುಲೈನಲ್ಲಿ ಎಫ್‌ಡಿಎ ಶಿಫಾರಸು ಮಾಡಿತು. ಮರುತಿಂಗಳೇ ಫ್ಲೋರಿಡಾ ತುರ್ತು ಆದೇಶದಿಂದ ನಿಷೇಧಿಸಿತು. ಎಲೆಗೆ ಸಿಕ್ಕ ಅನುಮತಿ ಮಾತ್ರೆಗೂ ಸಿಕ್ಕಿದೆ ಎಂಬ ಅಂಗಡಿಯವನ ಮಾತಿಗೆ ತಲೆಯಾಡಿಸಬೇಡಿ.

ನಗರ, ಕೌಂಟಿ (ನಮ್ಮ ಜಿಲ್ಲೆಯಂಥದ್ದು). ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರ, ಫ್ಲೋರಿಡಾದ ಸಾರಸೋಟಾ ಕೌಂಟಿ ತಮ್ಮದೇ ನಿಷೇಧ ಹೇರಿದವು. ಸ್ಥಳೀಯ ಸಂಹಿತೆಯನ್ನೂ ಒಮ್ಮೆ ನೋಡಿ.

ಜಾರಿಯ ದಿನಾಂಕ. ಸಹಿಯಾದ ದಿನವೂ ಜಾರಿಯ ದಿನವೂ ಒಂದೇ ಆಗಿರಬೇಕಿಲ್ಲ. ಲೂಸಿಯಾನಾದಲ್ಲಿ ನಿಷೇಧ ಜಾರಿಯಾದದ್ದು 2025ರ ಆಗಸ್ಟ್ 1ರಂದು. ರೋಡ್ ಐಲ್ಯಾಂಡ್ ಉಲ್ಟಾ ಹೊಡೆಯಿತು. ವರ್ಷಗಳ ನಿಷೇಧ ತೆಗೆಯುವ ಕಾನೂನಿಗೆ 2025ರಲ್ಲಿ ಸಹಿ ಬಿತ್ತು, ಜಾರಿಗೆ ಗೊತ್ತುಮಾಡಿದ್ದು 2026ರ ಏಪ್ರಿಲ್ 1. ಕಾರಿನಲ್ಲಿ ನಾಲ್ಕಾರು ರಾಜ್ಯ ದಾಟುವವರು ಹೊರಟ ಊರು, ತಲುಪುವ ಊರು ಅಷ್ಟೇ ಅಲ್ಲ, ನಡುವಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವೀಸಾದಲ್ಲಿರುವವರಿಗೆ. 2015ರ ಮೆಲ್ಲೌಲಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಾದಕವಸ್ತು ಅಪರಾಧದ ಕಾರಣಕ್ಕೆ ಗಡೀಪಾರು ಮಾಡಬೇಕಾದರೆ ಆ ವಸ್ತು ಕೇಂದ್ರದ ಪಟ್ಟಿಯಲ್ಲಿರಬೇಕು ಎಂದಿತು. ಎಲೆ ಅದರಲ್ಲಿಲ್ಲವಲ್ಲ ಎಂದು ನಿಟ್ಟುಸಿರು ಬಿಡುವ ಮುನ್ನ ವಲಸೆ ವಕೀಲರನ್ನು ಕಾಣಿ. ಏಕೆಂದರೆ ವೀಸಾದ ಡಿಎಸ್-160 ಅರ್ಜಿ ಕೇಳುವುದು ಶಿಕ್ಷೆಯಾಗಿತ್ತೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿತ್ತೇ ಎಂದೂ. ಕ್ಷಮಾದಾನ ಸಿಕ್ಕಿದ್ದರೂ ಅಲ್ಲಿ 'ಹೌದು' ಎಂದೇ ಬರೆಯಬೇಕು.