ಒಡೆದ ಧ್ವನಿಗೆ 0.5ರ ಮದ್ದು

ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ಆಂಟೆನಾ ಕಟ್ಟಿ, ರೇಡಿಯೊ ಸಿಗ್ನಲನ್ನು ಕಂಪ್ಯೂಟರಿನಲ್ಲೇ ಸಂಸ್ಕರಿಸುವ ಜಿಎನ್‌ಯು ರೇಡಿಯೊ ತಂತ್ರಾಂಶದಲ್ಲಿ ಬೆಂಗಳೂರಿನ 101.3 ಮೆಗಾಹರ್ಟ್ಸ್ ಎಫ್‌ಎಂ ಪ್ರಸಾರವನ್ನು ಹಿಡಿದಾಗ, ಮಾತು ಸ್ಪಷ್ಟವಿದ್ದರೂ ಏರುದನಿಯಲ್ಲೆಲ್ಲ ಒಡೆದು ಕರ್ಕಶವಾಗುತ್ತಿತ್ತು. ಸಿಗ್ನಲ್ ಹೆಚ್ಚಾಯಿತೆಂದು ಭಾವಿಸಿ ಟ್ಯೂನರ್ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸುತ್ತ ಒಂದು ಸಂಜೆಯನ್ನೇ ಕಳೆದೆ. ಎಫ್‌ಎಂನಲ್ಲಿ ಧ್ವನಿಯ ಮಟ್ಟವನ್ನು ನಿರ್ಧರಿಸುವುದು ಆವರ್ತನದ ವಿಚಲನೆಯೇ, ಅಂದರೆ ಅದು ತನ್ನ ನೆಲೆಯಿಂದ ಸರಿಯುವ ಪ್ರಮಾಣವೇ ಹೊರತು ಅಲೆಯ ಎತ್ತರವಲ್ಲ ಎಂಬುದು ಆಗ ಹೊಳೆಯಲಿಲ್ಲ.

ನನ್ನ ಸ್ಯಾಂಪಲ್ ದರ (ಸಿಗ್ನಲನ್ನು ಅಳೆಯುವ ವೇಗ) ಸೆಕೆಂಡಿಗೆ 2,40,000 ಆಗಿದ್ದು, ವಿಚಲನೆಯನ್ನು ಧ್ವನಿಯ ಮೌಲ್ಯವಾಗಿಸುವ ‘ಕ್ವಾಡ್ರೇಚರ್ ಡಿಮಾಡ್’ ಬ್ಲಾಕ್‌ನ (ತಂತ್ರಾಂಶದ ಒಂದು ಘಟಕ) ಗೇನನ್ನು 1ಕ್ಕೆ ಬಿಟ್ಟಿದ್ದರಿಂದ, 75 ಕಿಲೋಹರ್ಟ್ಸ್ ವಿಚಲನೆಗೆ ಅದರ ಫಲ ಸುಮಾರು 1.96ರವರೆಗೆ ಏರುತ್ತಿತ್ತು. ಆದರೆ ಧ್ವನಿಯನ್ನು ಸ್ಪೀಕರಿಗೆ ಕಳಿಸುವ ಆಡಿಯೊ ಸಿಂಕ್ ಬಯಸುವುದು −1ರಿಂದ +1ರ ನಡುವಿನ ಮೌಲ್ಯವನ್ನು, ಅದರಾಚೆಗಿನದೆಲ್ಲ ಕತ್ತರಿಸಿಹೋಗುತ್ತದೆ. ಸಿಂಕ್‌ಗೆ ಮೊದಲು ಬಂದ ಮೌಲ್ಯವನ್ನು ಒಂದು ಸಂಖ್ಯೆಯಿಂದ ಗುಣಿಸುವ ‘ಮಲ್ಟಿಪ್ಲೈ ಕಾನ್ಸ್ಟ್’ ಬ್ಲಾಕ್ ಇಟ್ಟು, ಅದರ ಬಗೆಯನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಎಂದು ಬದಲಿಸಿ, 0.5 ಎಂದು ಬರೆದೊಡನೆ, ಅಂದರೆ 6 ಡೆಸಿಬೆಲ್ ಇಳಿಸಿದೊಡನೆ, ಧ್ವನಿ ತಿಳಿಯಾಯಿತು.