ಅಗ್ಗದ ಬ್ಯಾಡ್ಜರ್ ಬ್ರಷ್: ತಕ್ಕಡಿಗಿಟ್ಟು ನೋಡಿದ ಲೆಕ್ಕ

ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಶೇವಿಂಗ್ ಬ್ರಷ್ಷನ್ನು, ಎಷ್ಟು ನೀರು ಹಿಡಿಯುತ್ತದೆಂದು ತೂಗಿ ಆರಿಸಬೇಕು ಅಂದಾಗ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯಲ್ಲೂ ಕಟಿಂಗ್ ಶಾಪಿನಲ್ಲೂ ಕೇಳಿದ ಮಾತು ಒಂದೇ: "ಏನ್ರೀ, ಬಂಗಾರ ಏನ ಅದು, ತಕ್ಕಡಿಗೆ ಇಡಾಕ?" ಈಗ ಮೂವತ್ತರ ಹತ್ತಿರ ಬ್ರಷ್ ತೂಗಿ ಆಗಿದೆ. ಕೈಯಿಂದ ಒತ್ತಿ ನೋಡಿ ಆರಿಸಿದ್ದರಲ್ಲಿ ಅರ್ಧಕ್ಕರ್ಧ ನಡುವೆ ಕೂದಲಿಲ್ಲದೆ ಟೊಳ್ಳು ಬಂದಿದ್ದವು. ತೂಗಿ ಆರಿಸಿದ್ದರಲ್ಲಿ ಕೈಕೊಟ್ಟದ್ದು ಎರಡೇ. ನಕ್ಕವರೇ ಈಗ ತಮ್ಮ ಬ್ರಷ್ ತಂದು ತೂಗಿಸಿಕೊಂಡು ಹೋಗುತ್ತಾರೆ.

ಪಾಕೆಟ್ ತಕ್ಕಡಿ ಮುನ್ನೂರು-ನಾನೂರು ರೂಪಾಯಿಗೆ ಸಿಗುತ್ತದೆ, ದಶಾಂಶದ ನಂತರ ಒಂದು ಅಂಕಿ ತೋರಿಸಿದರೆ ಸಾಕು. ಹೊಸ ಬ್ರಷ್ಷನ್ನು ಶಾಂಪೂ ಹಾಕಿ ಮೂರ್ನಾಲ್ಕು ಸಲ ತೊಳೆದು, ಎರಡು ದಿನ ಒಣಗಿಸಿ, ಒಣ ತೂಕ ಬರೆದುಕೊಳ್ಳಿ. ಆಮೇಲೆ ಕೂದಲಷ್ಟೇ ಮುಳುಗುವಂತೆ ಉಗುರುಬೆಚ್ಚನೆಯ ನೀರಿನಲ್ಲಿ 2 ನಿಮಿಷ ಇಡಿ. ಎತ್ತಿ ಮೂರು ಸಲ ಜೋರಾಗಿ ಜಾಡಿಸಿ, ಹಿಡಿ ಒರೆಸಿ, ಮತ್ತೆ ತೂಗಿ, ಒಣ ತೂಕ ಕಳೆಯಿರಿ. ಬುಡದಲ್ಲಿ 22 ಮಿ.ಮೀ. ಅಗಲವಿರುವ ಕೂದಲ ಕುಚ್ಚಿನಲ್ಲಿ 7ರಿಂದ 9 ಗ್ರಾಂ ನೀರು ಉಳಿದರೆ ಕೂದಲು ಗಟ್ಟಿಯಾಗಿ ತುಂಬಿದೆ. 5ಕ್ಕಿಂತ ಕೆಳಗೆ ಬಂದರೆ, ಡಬ್ಬಿಯ ಮೇಲೆ ಸಿಲ್ವರ್‌ಟಿಪ್ ಎಂಬ ಮೇಲ್ದರ್ಜೆಯ ಹೆಸರು ಬರೆದಿದ್ದರೂ ಬೇಡ. ಒಂದೇ ಅಳತೆಯ ಕುಚ್ಚುಗಳನ್ನು ಮಾತ್ರ ಹೋಲಿಸಬೇಕು. 20ನ್ನೂ 26ನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕ ಹಾಳು.

ಈ ಜಾಡಿಸುವುದೇ ಮುಖ್ಯ, ಮೊದಲು ತಪ್ಪಿದ್ದೂ ಅಲ್ಲೇ. ಜಾಡಿಸದೆ ತೂಗುತ್ತಿದ್ದಾಗ ಅತಿ ಕೆಟ್ಟ ಬ್ರಷ್ಷೇ ಮೊದಲ ನಂಬರ್ ಬರುತ್ತಿತ್ತು. ನಡುವೆ ಟೊಳ್ಳಿದ್ದರೆ ಅಲ್ಲಿ ನೀರು ಬಾವಿಯ ಹಾಗೆ ನಿಲ್ಲುತ್ತದೆ, ಒಂದು ಜಾಡಿಗೆ ಅಷ್ಟೂ ಹೊರಗೆ. ಕೂದಲು ಕೂದಲಿನ ನಡುವಿನ ಸಂದಿಯಲ್ಲಿ ಹಿಡಿದ ನೀರು ಮಾತ್ರ ಉಳಿಯುತ್ತದೆ, ನೊರೆಗೆ ಬರುವುದೂ ಅದೇ. ಎರಡನೆಯ ತಪ್ಪು, ತೊಳೆಯದೆ ತೂಗಿದ್ದು. ಹೊಸ ಕೂದಲಿನಲ್ಲಿ ಪ್ರಾಣಿಯ ಜಿಡ್ಡು ಇರುತ್ತದೆ, ನೀರು ಒಳಗೇ ಇಳಿಯುವುದಿಲ್ಲ. ಮರದ ಹಿಡಿಯೂ ಒದ್ದೆಯಾದರೆ ಅದು ಕುಡಿದ ನೀರೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಅಂಗಡಿಯಲ್ಲಿ ನೆನೆಸಲು ಬಿಡುವುದಿಲ್ಲವಲ್ಲ, ಅಲ್ಲಿ ಒಣ ಪರೀಕ್ಷೆ ಮಾತ್ರ. ಕುಚ್ಚನ್ನು ಎರಡು ಹೆಬ್ಬೆರಳಿನಿಂದ ನಡುಬೈತಲೆ ತೆಗೆದ ಹಾಗೆ ಬುಡದವರೆಗೆ ಬಿಡಿಸಿ. ಬೆಳಕಿಗೆ ಹಿಡಿದರೆ ಬುಡದಲ್ಲಿ ಅಂಟಿನ ಹೊಳಪು ಬೊಟ್ಟಿನಷ್ಟು ಅಗಲ ಕಂಡಿತೋ, ನಡುವೆ ಕೂದಲಿಲ್ಲ. ಅಂಟು ಗುಡ್ಡದಂತೆ ಮೇಲೆದ್ದಿದ್ದರೂ ಬಿಡಿ: 50 ಮಿ.ಮೀ. ಎತ್ತರದಲ್ಲಿ 8-10 ಮಿ.ಮೀ. ಅಂಟೇ ನುಂಗಿರುತ್ತದೆ, ಬ್ರಷ್ ಕೆನ್ನೆಯ ಮೇಲೆ ಬಗ್ಗುವುದಿಲ್ಲ. ಹಿಡಿಯ ಬಾಯಿಗೆ ವರ್ನಿಯರ್ ಕ್ಯಾಲಿಪರ್ ಹಚ್ಚಿ ಅಗಲ ನೋಡಿ. 24 ಎಂದು ಮಾರಿದ್ದು 21 ಬಂದದ್ದು ನಾಲ್ಕಾರು ಸಲ.

ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂಬ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆ ಯಾವುದೂ ಇಲ್ಲ, ಮಾರುವವನು ಹೇಳಿದ್ದೇ ದರ್ಜೆ. ತುದಿ ನೋಡಬೇಕು. ಭೂತಗನ್ನಡಿಯಲ್ಲಿ ಒಳ್ಳೆಯ ಕೂದಲಿನ ತುದಿ ಸೂಜಿಯಂತೆ ಸಣ್ಣಗಾಗುತ್ತ ಹೋಗಿರುತ್ತದೆ. ಕುಚ್ಚು ಕಟ್ಟಿದ ಮೇಲೆ ಕತ್ತರಿಯಿಂದ ದುಂಡಗೆ ಮಾಡಿದ್ದರೆ ತುದಿ ಮೊಂಡು, ಮೂರನೇ ದಿನಕ್ಕೇ ಗಲ್ಲ ಚುಚ್ಚುತ್ತದೆ. ಬ್ಯಾಡ್ಜರ್ ಕೂದಲಿನ ಕಪ್ಪು ಪಟ್ಟೆ ಎಲ್ಲ ಕೂದಲಲ್ಲೂ ಒಂದೇ ಗೆರೆಗೆ, ದಾರ ಹಿಡಿದು ಬರೆದಂತೆ ಇದ್ದರೆ ಅದು ಬಣ್ಣ ಬಳಿದ ಹಂದಿ ಕೂದಲು ಇರಬಹುದು. ಬಿಳಿ ಬಟ್ಟೆಗೆ ಬಿಸಿನೀರು, ಒಂದು ಹನಿ ವಿನೆಗರ್ ಹಾಕಿ ಒರೆಸಿದರೆ ಎಷ್ಟೋ ಸಲ ಅಲ್ಲೇ ಗುಟ್ಟು ರಟ್ಟಾಗುತ್ತದೆ. ಉದುರಿದ ಒಂದು ಕೂದಲು ಸುಟ್ಟು ನೋಡಿ: ಗುಂಡಾಗಿ ಕರಗಿದರೆ ನೈಲಾನ್, ಕೂದಲ ವಾಸನೆ ಬಂದು ಪುಡಿಯಾದರೆ ಪ್ರಾಣಿಯದು. ಯಾವ ಪ್ರಾಣಿ ಎಂಬುದನ್ನು ಬೆಂಕಿ ಹೇಳುವುದಿಲ್ಲ. ನಕಲಿ ಬ್ಯಾಡ್ಜರ್ ಹೊಸದಲ್ಲ ಬಿಡಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕುದುರೆ ಕೂದಲನ್ನು ಬ್ಯಾಡ್ಜರಿನಂತೆ ಮಾಡಿ ಮಾರಿದ ಬ್ರಷ್‌ಗಳಿಂದ ಇಂಗ್ಲೆಂಡ್, ಅಮೆರಿಕದಲ್ಲಿ ನೆರಡಿ ರೋಗ (ಆಂಥ್ರಾಕ್ಸ್) ಹರಡಿತ್ತು.

"ನಮ್ಮ ಕಡೆಯ ಕಾಡುಪ್ರಾಣಿಯದೇ ಅಸಲಿ ಕೂದಲು" ಎಂದು ಯಾರಾದರೂ ತಂದರೆ ಮುಟ್ಟಬೇಡಿ. ನಮ್ಮ ತರಕರಡಿಗೂ (ಹನಿ ಬ್ಯಾಡ್ಜರ್) ಮುಂಗುಸಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬ್ರಷ್ಷಿನ ಬ್ಯಾಡ್ಜರ್ ಕೂದಲು ಬಹುಪಾಲು ಚೀನಾದ್ದು.

ಈಗ ದುಡ್ಡು. ಸಿದ್ಧ ಬ್ರಷ್ ಎಂಟುನೂರರಿಂದ ಎರಡು ಸಾವಿರ. ಬಿಡಿ ಕುಚ್ಚು ತರಿಸಿದರೆ ಐನೂರು-ಆರುನೂರು, ಮರದ ಲೇಥಿನವರ ಹತ್ತಿರ ಸಾಗವಾನಿ ಹಿಡಿ ಮಾಡಿಸಲು ನೂರೈವತ್ತು, ಅರಾಲ್ಡೈಟ್ ಅಂಟು ಒಂದಿಷ್ಟು. ಒಂದೇ ಕುಚ್ಚು ತರಿಸಿ, ತೂಗಿ, ಪಾಸಾದರೆ ಮಾತ್ರ ಅದೇ ಲಾಟಿನಿಂದ ಹತ್ತು. ಕುಚ್ಚಿನ ಬುಡವನ್ನು ಉಪ್ಪುಕಾಗದದಿಂದ ಒರಟು ಮಾಡದೆ ಕೂಡಿಸಿದ ಮೊದಲ ಮೂರೂ ಒಂದೇ ತಿಂಗಳಲ್ಲಿ ಹಿಡಿಯಿಂದ ಕಿತ್ತುಬಂದವು. ಕುಚ್ಚಿನ ಎತ್ತರ ಅದರ ಅಗಲದ ಎರಡೂಕಾಲು ಪಟ್ಟಿನ ಸುತ್ತ ಇರಲಿ: 22ಕ್ಕೆ 49-50. 55 ಬಿಟ್ಟರೆ ಬ್ರಷ್ ಜೋಲುತ್ತದೆ. ಕುಚ್ಚು ನೆಟ್ಟಗೆ ಕೂಡಿಸುವ ಉಪಾಯವೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ಕೂದಲು ಉದುರುತ್ತದೆಂದು ಬುಡಕ್ಕೆ ಫೆವಿಕ್ವಿಕ್ ಬಿಡಬೇಡಿ. ತೆಳು ಅಂಟು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿ ಅರ್ಧ ಕುಚ್ಚನ್ನು ಕಡ್ಡಿ ಮಾಡುತ್ತದೆ. ಹೀಗೆ ಒಂಬೈನೂರು ರೂಪಾಯಿ ಹೋಯಿತು. ಮೊದಲ ವಾರ ಹತ್ತು-ಹದಿನೈದು ಕೂದಲು ಉದುರುವುದು ಸಹಜ, ತಿಂಗಳಾದರೂ ದಿನಾ ಮೂರು ಬಂದರೆ ವಾಪಸ್ ಕಳಿಸಿ.

ನೀರಿನ ವಿಷಯ ಬೇರೆ. ಮಲಪ್ರಭೆಯ ನಲ್ಲಿ ನೀರು ಬಂದ ದಿನ ನೊರೆ ಚೆನ್ನಾಗಿಯೇ ಏಳುತ್ತದೆ. ಬೋರಿನ ಗಡಸು ನೀರಿಗೆ ಸೋಪು ಒಡೆದು ಬುಡದಲ್ಲಿ ಬಿಳಿ ಪದರ ಕಟ್ಟುತ್ತದೆ. ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ಚಮಚ ವಿನೆಗರ್, 5 ನಿಮಿಷ, ಆಮೇಲೆ ಚೆನ್ನಾಗಿ ತೊಳೆದರೆ ಆಯಿತು. ತಾಮ್ರಕ್ಕೆ ಆಗುತ್ತದಲ್ಲ ಅಂತ ಹುಣಸೆ ನೀರಿಗೂ ಹಾಕಿ ನೋಡಿದೆ: ಪದರ ಹೋಯಿತು, ಬಿಳಿ ತುದಿ ಚಹಾ ಬಣ್ಣಕ್ಕೆ ತಿರುಗಿತು. ಅಂಟುವಾಳ ನೆನೆಸಿದ ನೀರು ತೊಳೆಯಲು ಶಾಂಪೂಗಿಂತ ಮೇಲು, ಗಡಸು ನೀರಿನಲ್ಲೂ ಒಡೆಯುವುದಿಲ್ಲ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಎರಡು ವಾರ ನೊರೆಯೇ ಏಳಲಿಲ್ಲ.

ಧಾರವಾಡದ ಮಳೆಗಾಲದಲ್ಲಿ ಬ್ಯಾಡ್ಜರ್ ಒಂದು ದಿನಕ್ಕೆ ಒಣಗುವುದಿಲ್ಲ. ಬಚ್ಚಲಿನಲ್ಲಿಟ್ಟರೆ ಬೂಷ್ಟು ಬರುತ್ತದೆ, ಗಾಳಿಯಾಡುವ ಕಿಟಕಿಯ ಹತ್ತಿರ ಇಡಬೇಕು. ಎರಡನ್ನು ದಿನ ಬಿಟ್ಟು ದಿನ ಬಳಸುವುದು ಉತ್ತಮ. ಒಂದೇ ಸಾಕೆನ್ನುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನೂರು ರೂಪಾಯಿಯ ಸಿಂಥೆಟಿಕ್ ಇಟ್ಟುಕೊಳ್ಳಲಿ, ಸಂಜೆಯೊಳಗೆ ಒಣಗುತ್ತದೆ. ಪೆಟ್ಟಿಗೆಯಲ್ಲಿ ಎತ್ತಿಡುವ ಬ್ಯಾಡ್ಜರಿನ ಜೊತೆ ಡಾಂಬರು ಗುಳಿಗೆ ಹಾಕಿ, ಉಣ್ಣೆ ತಿನ್ನುವ ಹುಳಕ್ಕೆ ಈ ಕೂದಲೂ ಇಷ್ಟ.

ವರ್ಷಕ್ಕೊಮ್ಮೆ ಮತ್ತೆ ತೂಗಿ. 8 ಗ್ರಾಂ ಚಿಲ್ಲರೆ ಹಿಡಿಯುತ್ತಿದ್ದ ಒಂದು 22 ಮಿ.ಮೀ. ಬ್ರಷ್ 6ಕ್ಕೆ ಇಳಿದಿತ್ತು. ಕೂದಲು ಸವೆದಿದೆ ಅಂದುಕೊಂಡು ಎಸೆಯಲು ತೆಗೆದಿಟ್ಟದ್ದು. ಬಿಡಿಸಿ ನೋಡಿದರೆ ಬುಡದಲ್ಲಿ ಸೋಪು ಸುಣ್ಣದಂತೆ ಕೂತಿತ್ತು. ಎರಡು ಸಲ ವಿನೆಗರ್, ಒಂದು ಸಲ ಅಂಟುವಾಳ ಆದ ಮೇಲೆ ತಕ್ಕಡಿ ಮತ್ತೆ 8 ತೋರಿಸಿತು.