ನಿಂತ ನಾರ್ಟನ್‌ಗೆ ಕಿಕ್ ಹೊಡೆಯುವ ಮೊದಲು

ತಿಂಗಳುಗಟ್ಟಲೆ ನಿಲ್ಲಿಸಿದ್ದ ನಾರ್ಟನ್ ಕಮಾಂಡೊ ಎಂಬ ಹಳೆಯ ಬ್ರಿಟಿಷ್ ಬೈಕಿನ ಆಯಿಲ್ ಟ್ಯಾಂಕ್ ಬರಿದಾಗಿ ಕಂಡರೆ ದಯವಿಟ್ಟು ತಕ್ಷಣ ಆಯಿಲ್ ಸುರಿಯಬೇಡಿ. ಅದು ಎಲ್ಲಿಗೂ ಹೋಗಿಲ್ಲ. ಆಯಿಲ್ ತಳ್ಳುವ ಗೇರ್ ಪಂಪಿನ ಸಂದಿನಿಂದ ಹನಿಹನಿಯಾಗಿ ಇಳಿದು ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನಲ್ಲಿ ತುಂಬಿಕೊಂಡಿರುತ್ತದೆ. ಹಾಗೆಯೇ ಕಿಕ್ ಹೊಡೆದರೆ ದಟ್ಟ ನೀಲಿ ಹೊಗೆ, ಸೀಲ್‌ಗಳಿಂದ ಸೋರಿಕೆ. ಮೊದಲ ಸಲ ನಾನೂ ಮೇಲಿಂದ ತುಂಬಿಸಿ ಕಂಗಾಲಾಗಿದ್ದೆ.

ಕೆಳಗೆ ಅಗಲವಾದ ತಟ್ಟೆ ಇಟ್ಟು ಕ್ರ್ಯಾಂಕ್‌ಕೇಸಿನ ತಳದ ಬಿರಡೆ, ಅಂದರೆ ಸಂಪ್ ಪ್ಲಗ್ ಬಿಚ್ಚಿ. ಇಳಿದ ಆಯಿಲ್ ಶುದ್ಧವಾಗಿದ್ದರೆ ಸೋಸಿ ಟ್ಯಾಂಕಿಗೇ ಹಾಕಿ, ಕಪ್ಪಾಗಿದ್ದರೆ ಹೊಸದು ತುಂಬಿ. ಎಂಜಿನ್ ಶುರುವಾದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ: ಎಂಜಿನ್ನಿನಿಂದ ಆಯಿಲ್ ಮರಳಿ ತರುವ ರಿಟರ್ನ್ ಕೊಳವೆಯಿಂದ ಅದು ಬಿಟ್ಟುಬಿಟ್ಟು ಚಿಮ್ಮುತ್ತಿರಬೇಕು. ಕೆಲವು ನಿಮಿಷ ಓಡಿದ ನಂತರವೇ ಮಟ್ಟ ಅಳೆಯಿರಿ.

ಆಯಿಲ್ ಹೀಗೆ ಇಳಿಯದಿರಲೆಂದು ಪೈಪಿಗೆ ಬರಿಯ ನಲ್ಲಿ ಹಾಕಿಸುವುದನ್ನು ನಾನು ಒಪ್ಪಲಾರೆ. ಒಮ್ಮೆ ತೆರೆಯಲು ಮರೆತರೂ ಬೇರಿಂಗ್ ಸುಟ್ಟುಹೋಗುತ್ತದೆ.